ಎರಡು ಟಬ್ಬಿನ ಊಟ: ಒಂದು ಜಾಹೀರಾತು ಆಫೀಸಿನ ನೀರಿಲ್ಲದ ಬೇಸಿಗೆ

ನಮ್ಮ ಆಫೀಸಿನ ಬೋರ್‌ವೆಲ್ ಬತ್ತಿದ್ದು 2024ರ ಫೆಬ್ರವರಿ 26, ಸೋಮವಾರ. ಅದು ಆಫೀಸಿಗೆ ಗೊತ್ತಾಗಿದ್ದು ಮಾರ್ಚ್ 6, ಬುಧವಾರ. ನಡುವೆ ಒಂಬತ್ತು ದಿನ. ಆ ಒಂಬತ್ತು ದಿನವೂ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಕಾಫಿ ಮೇಜಿಗೆ ಬರುತ್ತಿತ್ತು. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಇಲ್ಲಿ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಸಾಲುಗಳನ್ನು, ಬರೆಯುವವನು. ಆಫೀಸು ಅಂದರೆ ಕನಕಪುರ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿರುವ ಎರಡಂತಸ್ತಿನ ಮನೆ. ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷ. ಮನೆ ಕಟ್ಟಿಸಿದವರು ದೇವರಮನೆಗೆ ಅಂತ ಬಿಟ್ಟ ಜಾಗದಲ್ಲಿ ಈಗ ಸರ್ವರ್ ಇದೆ. ಬಾಲ್ಕನಿಯಲ್ಲಿ ಮೀಟಿಂಗ್ ರೂಮು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಇನ್ನೂ ಹಾಗೇ ಇದೆ. ಅದರ ಮೇಲೆ ಕೂತು ಎಷ್ಟೋ ಹೋರ್ಡಿಂಗ್‌ಗಳ ಸಾಲು ಹೊಳೆದಿದೆ. ಜನ ಮೂವತ್ತೊಂದು. ನಮ್ಮ ಬೀದಿಗೆ ಆಗ ಕಾವೇರಿ ಪೈಪು ಬಂದಿರಲಿಲ್ಲ. ಬೋರ್‌ವೆಲ್, ನೆಲದಡಿಯ ಸಂಪು, ಮೇಲೆ ಎರಡು ಕಪ್ಪು ಟ್ಯಾಂಕು, ಇಷ್ಟೇ ಆಸ್ತಿ. ಸಂಪಿನ ನೀರು ಮೇಲೆ ಹತ್ತಿಸುವ ಮೋಟರಿನ ಸ್ವಿಚ್ ಇದ್ದದ್ದು ತಾರಸಿಯಲ್ಲಿ. ಯಾಕೆ ಅಲ್ಲಿ ಅಂತ ಕೇಳಬೇಡಿ. ಮನೆ ಕಟ್ಟುವಾಗ ಯಾವನೋ ಎಲೆಕ್ಟ್ರಿಷಿಯನ್ನಿಗೆ ಅದೇ ಸುಲಭ ಅನಿಸಿರಬೇಕು. ಮುಂದೆ ಈ ಸ್ವಿಚ್ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬರಗಾಲದ ಕತೆ ಹೇಳುವ ಮೊದಲು ನಮ್ಮ ಊಟದ ಕತೆ ಹೇಳಬೇಕು.

2020ರ ಲಾಕ್‌ಡೌನ್ ಆದ ಮೇಲೆ ಎರಡು ವರ್ಷ ನಾವು ಮನೆಯಿಂದಲೇ ಕೆಲಸ ಮಾಡಿದೆವು. ವಾಪಸ್ ಬಂದಾಗ ಅರ್ಧಕ್ಕರ್ಧ ಹೊಸಬರು. ವೀಡಿಯೊ ಕಾಲ್‌ನ ಚೌಕದಲ್ಲಿ ನೋಡಿದ್ದ ಮುಖಗಳಿಗೆ ಈಗ ಕಾಲೂ ಇದೆ ಅಂತ ಗೊತ್ತಾಯಿತು, ಅಷ್ಟೇ. ಜನ ಬೆರೆಯಲಿ ಅಂತ ಯಜಮಾನರು ಒಂದು ಕಲ್ಚರ್ ಟೀಮ್ ಮಾಡಿದರು. ಬೀನ್ ಬ್ಯಾಗ್ ಬಂದವು. ಫೂಸ್‌ಬಾಲ್ ಮೇಜು ಬಂತು. ಶುಕ್ರವಾರ ಸಂಜೆ ಪಿಜ್ಜಾ ಬಂತು. ಪಿಜ್ಜಾ ಬಂದಾಗ ಎಲ್ಲರೂ ಬರುತ್ತಿದ್ದರು, ಎರಡು ತುಂಡು ತಟ್ಟೆಗೆ ಹಾಕಿಕೊಂಡು ತಮ್ಮ ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಹೆಡ್‌ಫೋನ್ ತೆಗೆಯುತ್ತಲೇ ಇರಲಿಲ್ಲ.

ದಿನದ ಊಟ ಇನ್ನೂ ವಿಚಿತ್ರ. ಒಂದೇ ಮನೆಯಲ್ಲಿ ನಾಲ್ಕು ಪಂಕ್ತಿ. ಮೊದಲು ಸ್ಟುಡಿಯೋದವರು, ಹನ್ನೆರಡೂ ಮುಕ್ಕಾಲಿಗೆ. ಅಂದರೆ ಫೈನಲ್ ಆರ್ಟ್‌ವರ್ಕ್ ಮಾಡುವವರು, ಭಾಷೆ ಭಾಷೆಗೆ ಜಾಹೀರಾತು ಬದಲಿಸಿ ಜೋಡಿಸುವವರು. ಬಹುತೇಕ ಕನ್ನಡದವರು. ಹಿತ್ತಲ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುವುದು ರೂಢಿ. ನಾನೂ ಅಲ್ಲೇ. ಒಂದೂವರೆಗೆ ಕ್ಲೈಂಟ್‌ಗಳನ್ನು ನೋಡಿಕೊಳ್ಳುವ ಸರ್ವಿಸಿಂಗ್‌ನವರು, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಕ್ಲೈಂಟ್ ಫೋನು. ಎರಡೂವರೆಗೆ ಇಂಗ್ಲಿಷ್ ಕಾಪಿ ಮತ್ತು ಆರ್ಟ್‌ನವರು, ಆರ್ಡರ್ ಮಾಡಿದ ಡಬ್ಬಿಗಳ ಜೊತೆ ತಾರಸಿಯಲ್ಲಿ. ಎಲ್ಲರದ್ದೂ ಮುಗಿದು, ಸಿಂಕು ತೊಳೆದು, ಮೂರೂವರೆಗೆ ಅಕ್ಕ ಮತ್ತು ವಾಚ್‌ಮನ್.

ಅಕ್ಕ ಅಂದರೆ ನಮ್ಮ ಹೌಸ್‌ಕೀಪಿಂಗ್ ನೋಡುವವರು. ಕನಕಪುರದ ಕಡೆಯವರು. ಅವರ ಹೆಸರು ಇಲ್ಲಿ ಬೇಡ.

ಈ ನಾಲ್ಕು ಪಂಕ್ತಿಯಲ್ಲಿ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಪರಿಚಯವೇ ಇರಲಿಲ್ಲ ಅನ್ನಿ. ಕೆಲಸವೂ ಹಾಗೇ ಹರಿಯುತ್ತಿತ್ತು. ಐಡಿಯಾ ತಾರಸಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟುತ್ತಿತ್ತು, ಸರ್ವಿಸಿಂಗ್ ಮೂಲಕ ಕ್ಲೈಂಟ್‌ಗೆ ಹೋಗಿ ಪಾಸಾಗುತ್ತಿತ್ತು, ಕೊನೆಗೆ ನನ್ನ ಮೇಜಿಗೆ ಬೀಳುತ್ತಿತ್ತು. ‘ಇದನ್ನ ಸ್ವಲ್ಪ ಕನ್ನಡ ಮಾಡಿಕೊಡಿ, ಅರ್ಧ ಗಂಟೆ ಸಾಕಲ್ವಾ?’ ಈ ಊರಿನ ಯಾವ ಕನ್ನಡ ಕಾಪಿಯವರನ್ನು ಬೇಕಾದರೂ ಕೇಳಿ, ಈ ಮಾತು ಕೇಳದವರು ಸಿಗುವುದಿಲ್ಲ.

ಅಕ್ಕ ಬಾರದ ದಿನ

ಮಾರ್ಚ್ 6ರಂದು ಅಕ್ಕ ಬರಲಿಲ್ಲ. ಹನ್ನೊಂದಕ್ಕೆ ಮೇಲಿನ ಟಾಯ್ಲೆಟ್ಟಿನಲ್ಲಿ ಫ್ಲಶ್ ನಿಂತಿತು. ಹನ್ನೆರಡಕ್ಕೆ ಕೆಳಗಿನದ್ದು. ಒಂದು ಗಂಟೆಗೆ ಅಡುಗೆಮನೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸರ್ವಿಸಿಂಗ್‌ನ ಮೂರು ಜನ ಹುಡುಗಿಯರು ಆಟೋ ಮಾಡಿಕೊಂಡು ಮೆಟ್ರೋ ಹತ್ತಿರದ ಮಾಲಿಗೆ ಹೋಗಿ ಬಂದರು. ಶಾಪಿಂಗ್‌ಗೆ ಅಲ್ಲ. ಮೂರು ಗಂಟೆ ಹೊತ್ತಿಗೆ ಆಫೀಸು ವಾಸನೆ ಹೊಡೆಯಲು ಶುರುವಾಯಿತು. ಬಂದಿದ್ದ ಕ್ಲೈಂಟ್ ಒಬ್ಬರು ಮೂಗು ಮುಚ್ಚಿಕೊಳ್ಳದೆ ಮರ್ಯಾದೆಯಿಂದ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗ ವಾಚ್‌ಮನ್ ಬಾಯಿ ಬಿಟ್ಟರು. ಬೋರು ಬತ್ತಿ ಒಂಬತ್ತು ದಿನವಾಗಿದೆ. ಮನೆ ಮಾಲೀಕರು ಎರಡು ಸಲ ಟ್ಯಾಂಕರ್ ತರಿಸಿದ್ದಾರೆ. ಅದು ಸಾಲುತ್ತಿಲ್ಲ. ಉಳಿದದ್ದನ್ನು ಪಕ್ಕದ ಮನೆಯ ಸಂಪಿನಿಂದ ಅಕ್ಕ ಕೊಡದಲ್ಲಿ ತರುತ್ತಿದ್ದಾರೆ. ಬೆಳಗ್ಗೆ ಏಳಕ್ಕೇ ಬಂದು ಮೇಲಿನ ಮಹಡಿಗೂ ಹೊತ್ತು ತುಂಬಿಸುತ್ತಿದ್ದಾರೆ. ‘ಸೊಂಟ ಹಿಡ್ಕೊಂಡಿದೆ ಸಾರ್ ಅವ್ರಿಗೆ, ಅದುಕ್ಕೇ ಬಂದಿಲ್ಲ.’

ಅಡ್ಮಿನ್ ಹುಡುಗ ಇದನ್ನು ಯಜಮಾನರಿಗೆ ವಾಟ್ಸಾಪ್ ಮಾಡಿದ್ದನಂತೆ. ಆ ವಾರ ಪಿಚ್, ಅಂದರೆ ಕೆಲಸ ಹಿಡಿಯಲು ಕ್ಲೈಂಟ್‌ಗೆ ಐಡಿಯಾ ತೋರಿಸುವುದು, ಇತ್ತು. ನೂರಾರು ಮೆಸೇಜಿನ ಮಧ್ಯೆ ನೀರು ಕೊಚ್ಚಿಕೊಂಡು ಹೋಗಿತ್ತು.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದಿನ ಗುರುವಾರ ಗೇಟಿನ ಹತ್ತಿರ ಅಕ್ಕ ಎದುರಾಗಿದ್ದರು. ಸೊಂಟದ ಮೇಲೆ ನೀಲಿ ಪ್ಲಾಸ್ಟಿಕ್ ಕೊಡ, ಸೀರೆ ಅರ್ಧ ಒದ್ದೆ. ನಾನು ‘ಅಕ್ಕಾ, ಒಂದು ಸ್ಟ್ರಾಂಗ್ ಕಾಫಿ’ ಅಂದೆ. ಅವರು ‘ತಂದೆ ಸಾರ್’ ಅಂದರು. ಕೊಡ ಕಂಡಿತ್ತು. ಆದರೂ ಯಾಕೆ ಅಂತ ಕೇಳಬೇಕು ಅನಿಸಿರಲಿಲ್ಲ.

ಊರಿನ ಪರಿಸ್ಥಿತಿ ನಮಗೆ ಗೊತ್ತಿರಲಿಲ್ಲ ಅಂತಲ್ಲ. 2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಬೆಂಗಳೂರಿನ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮನೆಯ ಬೋರೂ ಬತ್ತಿದೆ ಅಂದಿದ್ದರು. ಇದನ್ನೆಲ್ಲ ನಾವು ಫೋನಿನಲ್ಲಿ ಓದುತ್ತಿದ್ದೆವು. ಅದರ ಬಗ್ಗೆ ಮೀಮ್ ಕೂಡ ಮಾಡಿದ್ದೆವು. ಕೆಳಗಡೆ ನಮ್ಮದೇ ಕೊಡ ತುಂಬುತ್ತಿತ್ತು.

ಗುರುವಾರದ ಮೀಟಿಂಗು

ಮರುದಿನ, ಶಿವರಾತ್ರಿಯ ಹಿಂದಿನ ದಿನ, ಎಲ್ಲರನ್ನೂ ಕರೆದರು. ಯಜಮಾನರ ಸಲಹೆ ಸರಳವಾಗಿತ್ತು. ಮಳೆ ಬರುವವರೆಗೆ ಎಲ್ಲರೂ ಮನೆಯಿಂದ ಕೆಲಸ ಮಾಡಿ. ಆಗ ಊರಿನಲ್ಲಿ ಐಟಿ ಕಂಪನಿಗಳ ಜನ ಅದನ್ನೇ ಕೇಳುತ್ತಿದ್ದರು. ನಮ್ಮಲ್ಲೂ ಮುಖಗಳು ಅರಳಿದವು. ನಿಜ ಹೇಳಬೇಕೆಂದರೆ ನನ್ನದೂ ಅರಳಿತು. ಬನಶಂಕರಿ ಟ್ರಾಫಿಕ್ ಉಳಿಯುತ್ತದಲ್ಲ.

ಆಗ ಸ್ಟುಡಿಯೋದ ಹಿರಿಯರೊಬ್ಬರು ಕೈ ಎತ್ತಿದರು. ಇವರನ್ನು ಎಲ್ಲರೂ ಮೇಷ್ಟ್ರು ಅಂತಾರೆ, ಪಾಠ ಮಾಡಿದವರಲ್ಲ, ಕಾಗುಣಿತ ತಿದ್ದುತ್ತಾರೆ ಅಂತ. ಕಂಪ್ಯೂಟರ್ ಬರುವ ಮೊದಲು ಸೈನ್‌ಬೋರ್ಡ್ ಬರೆಯುತ್ತಿದ್ದವರು. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಆಫೀಸ್ ಮುಚ್ಚಿದ್ರೆ ಅಕ್ಕನ ಸಂಬಳ ಯಾರು ಕೊಡ್ತಾರೆ?’

ಅಕ್ಕ ನಮ್ಮ ಕಂಪನಿಯ ನೌಕರರಲ್ಲ. ಕಂಟ್ರಾಕ್ಟರ್ ಮೂಲಕ ಬಂದವರು. ಬಂದ ದಿನಕ್ಕೆ ದುಡ್ಡು. ಸೊಂಟ ಹಿಡಿದು ಮಲಗಿದ್ದ ಆ ಎರಡು ದಿನಕ್ಕೂ ಅವರಿಗೆ ಏನೂ ಸಿಗುವುದಿರಲಿಲ್ಲ. ನಮ್ಮ ನೀರು ಹೊತ್ತು ಹಿಡಿದ ಸೊಂಟ ಅದು. ಮೀಟಿಂಗಿನಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಇತ್ತು.

ಯಜಮಾನರು ಕೆಟ್ಟವರಲ್ಲ. ಇದು ಅವರಿಗೆ ಗೊತ್ತಿರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಗೊತ್ತಿಲ್ಲದಿರುವುದೂ ಒಂದು ಅನುಕೂಲವೇ. ನಮಗೆಲ್ಲ ಆ ಅನುಕೂಲ ಇತ್ತು.

ಮುಚ್ಚದಿರಲು ಇನ್ನೊಂದು ಕಾರಣವೂ ಇತ್ತು. ಏಪ್ರಿಲ್ 9ಕ್ಕೆ ಯುಗಾದಿ. ಒಂದು ಸೀರೆ ಅಂಗಡಿಯ ಹಬ್ಬದ ಜಾಹೀರಾತು ನಮ್ಮ ಕೈಯಲ್ಲಿತ್ತು. ಹೋರ್ಡಿಂಗ್ ಫೈಲುಗಳು ಭಾರ, ಬಣ್ಣ ಸರಿಯಾಗಿ ತೋರಿಸುವ ಮಾನಿಟರ್‌ಗಳು ಸ್ಟುಡಿಯೋದಲ್ಲೇ ಇದ್ದವು. ಮನೆಯಲ್ಲಿ ಕೂತು ರೇಷ್ಮೆಯ ಬಣ್ಣ ಸರಿ ಮಾಡಲಾಗದು. ಹಾಗಾಗಿ ಆಫೀಸು ತೆರೆದೇ ಇರಲಿ, ನೀರಿನ ಕೆಲಸ ಎಲ್ಲರೂ ಹಂಚಿಕೊಳ್ಳೋಣ ಅಂತ ತೀರ್ಮಾನವಾಯಿತು. ಹಂಚಿಕೊಳ್ಳುವುದು ಹೇಗೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪೋಸ್ಟರ್ ಮಾಡಿದ ಮೂರು ದಿನ

ಜಾಹೀರಾತಿನವರಿಗೆ ಕಷ್ಟ ಬಂದರೆ ಏನು ಮಾಡುತ್ತಾರೆ? ಪೋಸ್ಟರ್ ಮಾಡುತ್ತಾರೆ. ನಾವೂ ಮಾಡಿದೆವು. ‘ನೀರು ಉಳಿಸಿ’ ಅಂತ ಎರಡು ಪದಕ್ಕೆ ಹನ್ನೊಂದು ಲೇಔಟ್. ಒಂದರಲ್ಲಿ ಹನಿಗೆ ಕಣ್ಣು, ಒಂದರಲ್ಲಿ ಹನಿಯೇ ಕಣ್ಣೀರು. ‘ಳಿ’ ಅಕ್ಷರದ ಗುಡಿಸು ಹನಿಯ ಹಾಗೆ ಕಾಣಬೇಕು ಅಂತ ಒಬ್ಬ, ಬೇಡ ಓದಲಾಗುವುದಿಲ್ಲ ಅಂತ ಮೇಷ್ಟ್ರು. ಸರ್ವಿಸಿಂಗ್‌ನವರು ಬಣ್ಣ ಬಣ್ಣದ ಶೀಟ್ ಮಾಡಿ ಎಲ್ಲರಿಗೂ ಲಿಂಕ್ ಕಳಿಸಿದರು. ಅದರಲ್ಲಿ ‘ವಾಟರ್ ಚಾಂಪಿಯನ್’ ಅಂತ ಒಂದು ಕಾಲಂ ಬೇರೆ.

ಪೋಸ್ಟರನ್ನು ನಲ್ಲಿಯ ಪಕ್ಕದಲ್ಲಿ ಅಂಟಿಸಿದೆವು. ನೀರು ತಾಗಿ ಎರಡೇ ದಿನಕ್ಕೆ ಉದುರಿತು. ಶೀಟನ್ನು ಯಾರೂ ತೆರೆಯಲಿಲ್ಲ.

11ರ ಸೋಮವಾರ ಅಕ್ಕ ವಾಪಸ್ ಬಂದರು. ಪೋಸ್ಟರ್ ನೋಡಿದರು. ‘ಚೆನ್ನಾಗೈತೆ’ ಅಂದರು. ಆಮೇಲೆ ಕೊರಿಯರ್ ಕವರ್ ಒಂದನ್ನು ಹರಿದು ಹಿಂಭಾಗದಲ್ಲಿ ಪೆನ್ಸಿಲಿನಿಂದ ಎಲ್ಲರ ಹೆಸರು ಬರೆದರು. ಅಡುಗೆಮನೆ ಬಾಗಿಲ ಪಕ್ಕದ ನೀಲಿ ಡ್ರಮ್ಮಿಗೆ ಅಂಟಿಸಿದರು. ದಿನಕ್ಕೆ ಎರಡು ಹೆಸರು. ಕೆಲಸ ಮುಗಿದ ಮೇಲೆ ಅವರೇ ಗೀಟು ಹಾಕುತ್ತಾರೆ. ‘ಆಮೇಲೆ ಮಾಡ್ತೀನಿ’ ಅಂದರೆ ಗೀಟು ಇಲ್ಲ. ಇಷ್ಟೇ ವ್ಯವಸ್ಥೆ.

ಆ ದಿನದ ಇಬ್ಬರು ಸಂಪಿನೊಳಗೆ ಕೋಲು ಇಳಿಸಿ ನೀರಿನ ಮಟ್ಟ ನೋಡಬೇಕು. ತಾರಸಿಗೆ ಹತ್ತಿ ಸ್ವಿಚ್ ಹಾಕಬೇಕು, ಕೆಳಗೆ ಬಂದು ಸಂಪು ನೋಡಬೇಕು, ಮತ್ತೆ ಹತ್ತಿ ಆರಿಸಬೇಕು. ಟಾಯ್ಲೆಟ್ಟಿನ ಡ್ರಮ್ ತುಂಬಿಸಬೇಕು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಡಬೇಕು. ಒಂದು ಲೀಟರ್ ಕುಡಿಯುವ ನೀರಿಗೆ ಈ ಯಂತ್ರ ಎರಡು ಮೂರು ಲೀಟರ್ ಚೆಲ್ಲುತ್ತದೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಆಗಲೇ ಗೊತ್ತಾಗಿದ್ದು. ಇಷ್ಟು ವರ್ಷ ಅದು ಸೀದಾ ಮೋರಿಗೆ ಹೋಗುತ್ತಿತ್ತು.

ಲೆಕ್ಕವನ್ನೂ ಹಾಕಿದೆವು. ಆಫೀಸಿನಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ಬೇಕು ಅಂತ ಕಟ್ಟಡಗಳ ನಿಯಮದಲ್ಲಿದೆ. ಎಲ್ಲರೂ ಬಂದ ದಿನ ಸುಮಾರು 1,400 ಲೀಟರ್. 6,000 ಲೀಟರಿನ ಟ್ಯಾಂಕರ್ ನಾಲ್ಕು ದಿನಕ್ಕೆ ಸಾಕು. ಐದು ಕಿಲೋಮೀಟರ್ ಒಳಗೆ ಇಂಥ ಟ್ಯಾಂಕರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ಆ ತಿಂಗಳು ದರ ಕಟ್ಟಿತ್ತು. ಆ ದರಕ್ಕೆ ನಮಗೆ ಒಂದು ಟ್ಯಾಂಕರೂ ಸಿಗಲಿಲ್ಲ, ಅದು ಬೇರೆ ಮಾತು. ಫ್ಲಶ್ ಟ್ಯಾಂಕ್ ಬಂದ್ ಮಾಡಿ ಬಕೆಟ್ಟಿಗೆ ಇಳಿದೆವು. ಜಲಮಂಡಳಿ ಹೇಳಿದ ಹಾಗೆ ನಲ್ಲಿಗಳಿಗೆ ಏರೇಟರ್ ಹಾಕಿಸಿದೆವು, ಅದು ನೀರಿನ ಜೊತೆ ಗಾಳಿ ಬೆರೆಸಿ ಧಾರೆಯನ್ನು ಸಣ್ಣ ಮಾಡುತ್ತದೆ. ಮಾರ್ಚ್ ಕೊನೆಗೆ ಒಂದು ಟ್ಯಾಂಕರ್ ಇಡೀ ವಾರ ಬರುತ್ತಿತ್ತು.

ಪಟ್ಟಿ ಕನ್ನಡದಲ್ಲಿತ್ತು, ಅಕ್ಕನಿಗೆ ಬರುವುದು ಅದೇ. ಇದಕ್ಕೆ ಯಾರೂ ಮೀಟಿಂಗ್ ಮಾಡಲಿಲ್ಲ. ಕೋಲ್ಕತ್ತದಿಂದ ಬಂದ ಆರ್ಟ್ ಹುಡುಗ, ಕೊಚ್ಚಿಯ ಕಾಪಿ ಹುಡುಗಿ ಮೊದಲ ವಾರ ‘ಇವತ್ತು ನಾನಾ?’ ಅಂತ ನನ್ನನ್ನು ಕೇಳುತ್ತಿದ್ದರು. ಎರಡನೇ ವಾರಕ್ಕೆ ತಮ್ಮ ಹೆಸರಿನ ಮೊದಲ ಅಕ್ಷರ ಗುರುತು ಹಿಡಿದರು. ಮೂರನೇ ವಾರಕ್ಕೆ ಪಕ್ಕದವರದ್ದೂ. ಹಿಂದಿನ ನವೆಂಬರ್‌ನಲ್ಲಿ ಕಲ್ಚರ್ ಟೀಮ್ ಕನ್ನಡ ಕ್ಲಾಸ್ ಇಟ್ಟಿತ್ತು. ಎರಡು ಕ್ಲಾಸ್ ಆಯಿತು, ‘ಊಟ ಆಯ್ತಾ’ವರೆಗೆ ಬಂದು ನಿಂತಿತ್ತು.

ಎಡವಟ್ಟುಗಳು

ಎಲ್ಲವೂ ಸೊಗಸಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ.

ಟಾಯ್ಲೆಟ್ಟಿಗೆ ಅರ್ಧ ಬಕೆಟ್ ಅಂತ ನಿಯಮ ಮಾಡಿದವರು ನಾವು ನಾಲ್ಕು ಜನ ಗಂಡಸರು. ತಿಂಗಳ ಮೂರು ದಿನ ಅರ್ಧ ಬಕೆಟ್ ಸಾಲುತ್ತದಾ ಅಂತ ನಮ್ಮ ತಲೆಗೆ ಹೊಳೆಯಲೇ ಇಲ್ಲ. ಹೆಣ್ಣುಮಕ್ಕಳು ಒಂದು ವಾರ ಸುಮ್ಮನಿದ್ದರು. ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು, ಆ ಬಿಸಿಲಿನಲ್ಲಿ. ಕೊನೆಗೆ ಸರ್ವಿಸಿಂಗ್‌ನ ಹುಡುಗಿಯೊಬ್ಬಳು ನೇರವಾಗಿ ಹೇಳಿದಳು. ‘ನಿಮ್ಮ ಲೆಕ್ಕದಲ್ಲಿ ನಾವು ಇಲ್ಲ.’ ಅವತ್ತೇ ಮೇಲಿನ ಟಾಯ್ಲೆಟ್ಟನ್ನು ಅವರಿಗೇ ಬಿಟ್ಟೆವು. ಅಲ್ಲಿಗೆ ಬೇರೆ ಡ್ರಮ್ಮು, ಅದಕ್ಕೆ ಲೆಕ್ಕ ಇಲ್ಲ. ಅದನ್ನು ತುಂಬಿಸುವ ಸರದಿ ಮಾತ್ರ ಎಲ್ಲರದ್ದು.

ಇನ್ನೊಂದು, ನಮ್ಮ ಕ್ರಿಯೇಟಿವ್ ಡೈರೆಕ್ಟರ್. ತಮ್ಮ ಸರದಿ ಬಂದ ದಿನ ಇಂಟರ್ನ್ ಹುಡುಗನನ್ನು ಕಳಿಸಿದರು. ಹುಡುಗ ಪಾಪ ಎಲ್ಲ ಕೆಲಸ ಮಾಡಿದ. ಅಕ್ಕ ಇಂಟರ್ನ್ ಹೆಸರಿಗೆ ಗೀಟು ಹಾಕಿದರು, ಡೈರೆಕ್ಟರ್ ಹೆಸರನ್ನು ಹಾಗೇ ಬಿಟ್ಟರು. ಜಗಳ ಇಲ್ಲ, ಮಾತಿಲ್ಲ. ನಾಲ್ಕು ದಿನ ಪಟ್ಟಿಯ ತುದಿಯಲ್ಲಿ ಆ ಒಂದು ಹೆಸರು ನಿಂತಿತ್ತು. ಕಾಫಿಗೆ ಹೋದವರೆಲ್ಲ ನೋಡುತ್ತಿದ್ದರು. ಮೂವತ್ತು ವರ್ಷ ಜಾಹೀರಾತಿನಲ್ಲಿದ್ದ ಮನುಷ್ಯನಿಗೆ ಹೋರ್ಡಿಂಗ್ ಅರ್ಥವಾಗದೆ ಇರುತ್ತದಾ? ಐದನೇ ದಿನ ಬೆಳಗ್ಗೆ ಎಂಟೂವರೆಗೆ ಬಂದರು. ಬಿಳಿ ಶೂ ಹಾಕಿಕೊಂಡೇ ತಾರಸಿಗೆ ಎರಡು ಸಲ ಹತ್ತಿ ಇಳಿದರು. ‘ಈ ಸ್ವಿಚ್ ಯಾಕೆ ಮೇಲಿದೆ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಅಕ್ಕ ನಕ್ಕರು. ಅವರಿಗೆ ಆ ಪ್ರಶ್ನೆ ಎಷ್ಟೋ ವರ್ಷದ ಹಿಂದೆಯೇ ಬಂದಿತ್ತು.

ಒಂದೂಕಾಲಿನ ಊಟ

ಈಗ ಟಬ್ಬಿನ ವಿಷಯ. ಟಾಯ್ಲೆಟ್ ಬಿಟ್ಟರೆ ಜಾಸ್ತಿ ನೀರು ಹೋಗುತ್ತಿದ್ದದ್ದು ಊಟದ ಡಬ್ಬಿ ತೊಳೆಯಲು. ಓಡುವ ನಲ್ಲಿಯಡಿ ಹಿಡಿದು ತೊಳೆದರೆ ಒಂದು ಡಬ್ಬಿಗೆ ನಾಲ್ಕೈದು ಲೀಟರ್ ಸುಲಭವಾಗಿ ಹೋಗುತ್ತದೆ. ಅಕ್ಕ ಎರಡು ಟಬ್ಬು ತಂದಿಟ್ಟರು, ಒಂದು ನೀಲಿ, ಒಂದು ಕೆಂಪು. ಮೊದಲು ಹಳೇ ಪೇಪರಿನಲ್ಲಿ ಎಣ್ಣೆ ಒರೆಸಬೇಕು. ನೀಲಿಯಲ್ಲಿ ಸೋಪು ನೀರು, ಕೆಂಪಿನಲ್ಲಿ ಅದ್ದಿ ತೆಗೆಯುವುದು. ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವ ಕ್ರಮ ಇದು. ಎರಡು ಟಬ್ಬಿಗೆ ಸೇರಿ ಮೂವತ್ತು ಲೀಟರ್, ಮೂವತ್ತು ಜನರ ಡಬ್ಬಿ. ಉಳಿದ ಕೊಳೆ ನೀರು ಹಿತ್ತಲ ನುಗ್ಗೆ ಗಿಡಕ್ಕೆ.

ಆದರೆ ಇದರಲ್ಲಿ ಒಂದು ಷರತ್ತು ಅಡಗಿತ್ತು. ಮೊದಲ ದಿನ ಹನ್ನೆರಡೂ ಮುಕ್ಕಾಲಿಗೆ ಸ್ಟುಡಿಯೋದವರು ತೊಳೆದ ನೀರು, ಎರಡೂವರೆಗೆ ಇಂಗ್ಲಿಷ್ ಕಾಪಿಯವರು ಬರುವಷ್ಟರಲ್ಲಿ ಸಾರಿನ ಜಿಡ್ಡು ಕಟ್ಟಿ ವಾಸನೆ ಬಂದಿತ್ತು. ಚೆಲ್ಲಿ ಬೇರೆ ಹಾಕಬೇಕಾಯಿತು. ನಾಲ್ಕು ಪಂಕ್ತಿಗೆ ನಾಲ್ಕು ಸಲ ಟಬ್ಬು ತುಂಬಿಸಿದರೆ ಉಳಿತಾಯ ಎಲ್ಲಿ ಬಂತು? ಅಕ್ಕ ಹೇಳಿಬಿಟ್ಟರು. ‘ಎಲ್ಲಾ ಒಂದೇ ಸಲ ಉಣ್ಣಿ. ಒಂದೂಕಾಲಿಗೆ ಟಬ್ಬು ಇಡ್ತೀನಿ, ಎರಡಕ್ಕೆ ಎತ್ತುತೀನಿ.’

ಹೀಗೆ, ಯಾರೂ ಬಯಸದೆ, ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬೀನ್ ಬ್ಯಾಗ್ ಮಾಡಲಾಗದ್ದನ್ನು ಜಿಡ್ಡು ಮಾಡಿತು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಫೂಸ್‌ಬಾಲ್ ಮೇಜಿನ ಮೇಲೆ ಪ್ಲೈವುಡ್ ಹಲಗೆ ಹಾಕಿ ಉದ್ದ ಮೇಜು ಮಾಡಿದೆವು. ಸಾಲದವರು ನೆಲದ ಮೇಲೆ. ಅಕ್ಕ ಮತ್ತು ವಾಚ್‌ಮನ್ ಮೊದಲು ಬರಲಿಲ್ಲ. ‘ನಾವು ಆಮೇಲೆ ಉಣ್ತೀವಿ’ ಅಂದರು. ಮೇಷ್ಟ್ರು ‘ಎರಡಕ್ಕೆ ಟಬ್ಬು ಎತ್ತುತೀನಿ ಅಂದೋರು ನೀವೇ ಅಲ್ವಾ?’ ಅಂದರು. ಆಮೇಲೆ ಬಂದರು, ಬಾಗಿಲ ಪಕ್ಕ ಕೂತರು. ಮೊದಲ ಕೆಲವು ದಿನ ಬಿಗಿಯಾಗಿಯೇ ಇತ್ತು, ಅವರಿಗೂ ನಮಗೂ. ಇಂಥ ಕಡೆ ಒಂದೇ ದಿನಕ್ಕೆ ಎಲ್ಲ ಕರಗಿಹೋಯಿತು ಅಂತ ಬರೆಯುವವರನ್ನು ನಾನು ನಂಬುವುದಿಲ್ಲ. ಡಬ್ಬಿಯ ಮುಚ್ಚಳ ತೆರೆದಾಗ ಸ್ವಲ್ಪ ಸ್ವಲ್ಪ ಸಡಿಲವಾಯಿತು. ಅಕ್ಕನ ಹುರುಳಿ ಬಸ್ಸಾರಿಗೆ ಕೋಲ್ಕತ್ತದ ಹುಡುಗ ಅಭಿಮಾನಿಯಾದ. ತಾರಸಿಯವರು ಆರ್ಡರ್ ಮಾಡುವುದು ಕಡಿಮೆಯಾಯಿತು. ಪ್ಲಾಸ್ಟಿಕ್ ಡಬ್ಬಿ ತೊಳೆಯೋದಕ್ಕೂ ಕ್ಯೂ ನಿಲ್ಲಬೇಕಲ್ಲ.

ಮಾರ್ಚ್ 17ರ ಭಾನುವಾರ ರಾತ್ರಿ ಆರ್‌ಸಿಬಿ ಹೆಣ್ಣುಮಕ್ಕಳು ಡಬ್ಲ್ಯುಪಿಎಲ್ ಕಪ್ ಗೆದ್ದರು. ಗಂಡಸರ ತಂಡ 2008ರಿಂದ ಕಾಯಿಸುತ್ತಿದ್ದ ಊರು ಇದು. ಸೋಮವಾರದ ಊಟ ಎರಡೂಕಾಲಾದರೂ ಮುಗಿಯಲಿಲ್ಲ. ಒಂದು ಕ್ಲೈಂಟ್ ಕಾಲ್ ತಪ್ಪಿಹೋಯಿತು. ಅಕ್ಕ ಅವತ್ತು ಟಬ್ಬು ಎತ್ತಲಿಲ್ಲ.

ಎಣ್ಣೆ ಸ್ನಾನದ ಜಾಹೀರಾತು

ಊಟದ ಮೇಜು ಕೆಲಸಕ್ಕೂ ಬಂತು. ಒಂದು ಉದಾಹರಣೆ ಸಾಕು.

ಸೀರೆ ಅಂಗಡಿಯ ಯುಗಾದಿ ಜಾಹೀರಾತು ಇಂಗ್ಲಿಷಿನಲ್ಲಿ ತಯಾರಾಗಿತ್ತು. ಯುಗಾದಿ ಅಂದರೆ ಎಣ್ಣೆ ಸ್ನಾನ ಅಂತ ಯಾರೋ ಓದಿಕೊಂಡಿದ್ದರು, ಸರಿಯಾಗಿಯೇ ಓದಿದ್ದರು. ಚಿತ್ರದಲ್ಲಿ ಹಿತ್ತಾಳೆ ಹಂಡೆ, ಹೊಗೆಯಾಡುವ ನೀರು. ಅಜ್ಜಿ ಮೊಮ್ಮಗಳ ತಲೆಗೆ ತಂಬಿಗೆ ತಂಬಿಗೆ ಸುರಿಯುತ್ತಿದ್ದಾಳೆ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಸೀರೆ. ತುಂಬ ಚೆಂದದ ಚಿತ್ರ. ಸಾಲು ಕೂಡ ಸಂಭ್ರಮ ಮೈತುಂಬ ಸುರಿಯಲಿ ಅನ್ನುವ ಅರ್ಥದ್ದು. ನನಗೆ ‘ಅರ್ಧ ಗಂಟೆ’ಗೆ ಬರುವುದಿತ್ತು.

ಕೊಚ್ಚಿಯ ಹುಡುಗಿ ಊಟಕ್ಕೆ ಕೂತಾಗ ಲ್ಯಾಪ್‌ಟಾಪ್ ತೋರಿಸಿ ಕೇಳಿದಳು, ಕನ್ನಡದಲ್ಲಿ ‘ಸುರಿ’ ಅಂದರೆ ಸರಿಯಾ ಅಂತ. ಮೇಷ್ಟ್ರು ಚಿತ್ರ ನೋಡಿದರು. ಪದ ಸರಿ ಇದೆ, ಆದರೆ ಇದನ್ನು ಎಲ್ಲಿ ಹಾಕುತ್ತೀರಿ ಅಂತ ಕೇಳಿದರು. ಹೋರ್ಡಿಂಗ್, ಬನಶಂಕರಿ, ಜೆ.ಪಿ. ನಗರ, ಮಹದೇವಪುರ ಅಂದಳು. ‘ಮಹದೇವಪುರದಲ್ಲಿ ಜನ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡ್ತಾ ಇದಾರೆ. ಅವರ ತಲೆ ಮೇಲೆ ಈ ಹಂಡೆ ನೇತು ಹಾಕ್ತೀರಾ?’

ಯಾರಿಗೂ ಹೊಳೆದಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದ ತಿಂಗಳು ಅದು. ಹೋಳಿ ಹಬ್ಬಕ್ಕೆ ರೈನ್ ಡಾನ್ಸ್ ಬೇಡ ಅಂತ ಹೋಟೆಲುಗಳಿಗೆ ಹೇಳಿದ್ದರು. ನಾವೇ ದಿನಾ ಕೋಲು ಇಳಿಸಿ ಸಂಪು ನೋಡುತ್ತಿದ್ದೆವು. ಆದರೂ ಜಾಹೀರಾತಿನಲ್ಲಿ ಹಂಡೆ ತುಂಬಿತ್ತು. ಆಫೀಸಿನ ತಲೆ ಬೇರೆ, ಅಡುಗೆಮನೆಯ ತಲೆ ಬೇರೆ ಇಟ್ಟುಕೊಂಡು ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೇವೆ ಅನಿಸಿತು.

ಆ ಊಟ ಮುಗಿಯುವಷ್ಟರಲ್ಲಿ ಹಂಡೆ ಹೋಗಿ ಬೇವು ಬೆಲ್ಲದ ಬಟ್ಟಲು ಬಂತು. ಅಜ್ಜಿ ಮೊಮ್ಮಗಳು ಉಳಿದರು. ಈ ಸಲದ ಬೇವು ಸ್ವಲ್ಪ ಜಾಸ್ತಿ ಇದೆ, ಬೆಲ್ಲವೂ ಜೊತೆಗಿರಲಿ ಅನ್ನುವ ಧಾಟಿಯ ಸಾಲನ್ನು ನಾನು ಬರೆದೆ. ಮೊದಲು ಕನ್ನಡದಲ್ಲಿ ಬರೆದೆ. ಕೊಚ್ಚಿಯ ಹುಡುಗಿ ಅದನ್ನು ಇಂಗ್ಲಿಷ್ ಮಾಡಿದಳು. ‘ಅರ್ಧ ಗಂಟೆ ಸಾಕಲ್ವಾ?’ ಅಂದೆ. ಈ ಮಾತು ಹೇಳಲು ನಾನು ವರ್ಷಗಟ್ಟಲೆ ಕಾದಿದ್ದೆ.

ಕ್ಲೈಂಟ್ ಸುಲಭಕ್ಕೆ ಒಪ್ಪಲಿಲ್ಲ. ಹಬ್ಬದ ಹೊತ್ತಿನಲ್ಲಿ ಬೇವು ಯಾಕೆ, ಬರೀ ಬೆಲ್ಲ ಇಡಿ ಅಂದರು. ಮೂರು ಸುತ್ತು ಮಾತಾಯಿತು. ಕೊನೆಗೆ ಬೇವು ಚಿಕ್ಕದಾಯಿತು, ಲೋಗೋ ದೊಡ್ಡದಾಯಿತು. ಹಂಡೆ ಮಾತ್ರ ವಾಪಸ್ ಬರಲಿಲ್ಲ.

ಮಳೆ ಬಂದ ಮೇಲೆ

ಏಪ್ರಿಲ್ ಪೂರ್ತಿ ಒಣಗಿತ್ತು. 28ರಂದು ಊರಿನ ಬಿಸಿಲು 38 ಡಿಗ್ರಿ ದಾಟಿತು. ಮೇ ಮೊದಲ ವಾರ ಮಳೆ ಬಿದ್ದಾಗ ಹೆಡ್‌ಫೋನ್ ಹಾಕಿಕೊಂಡಿದ್ದವರೂ ಹಿತ್ತಲಿಗೆ ಓಡಿದರು. ಬೋರು ಒಂದು ಮಳೆಗೆ ತುಂಬುವ ಪಾತ್ರೆಯಲ್ಲ. ಜುಲೈ ಹೊತ್ತಿಗೆ ಅರ್ಧಂಬರ್ಧ ಉಸಿರಾಡಿತು. ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, ಊರಂಚಿನ 110 ಹಳ್ಳಿಗಳಿಗೆ ಅಂತ. ನಮ್ಮ ಬೀದಿ ಅಗೆದರು. ಅಗೆದದ್ದನ್ನು ಮುಚ್ಚಿದ ಕತೆ ಇನ್ನೊಮ್ಮೆ.

ಏನು ಉಳಿಯಿತು ಅಂತ ಕೇಳಿದರೆ, ಎಲ್ಲ ಉಳಿಯಲಿಲ್ಲ. ನೀರು ಬಂದ ಮೇಲೆ ಪಟ್ಟಿ ನಿಧಾನಕ್ಕೆ ನಿಂತಿತು. ಗೋಡೆಗೆ ಬಣ್ಣ ಹೊಡೆದಾಗ ಡ್ರಮ್ಮು ಹಿತ್ತಲಿಗೆ ಹೋಯಿತು, ಕವರ್ ಎಲ್ಲೋ ಹೋಯಿತು. ಫ್ಲಶ್ ಮತ್ತೆ ಶುರುವಾಯಿತು. ಸರ್ವಿಸಿಂಗ್‌ನ ಕೆಲವರು ವಾಪಸ್ ಮೇಜಿಗೇ ಹೋದರು, ಕ್ಲೈಂಟ್ ಫೋನಿಗೆ ಬರವಿಲ್ಲ. ಆದರೆ ಒಂದೂಕಾಲಿನ ಊಟ ಉಳಿಯಿತು. ಟಬ್ಬುಗಳೂ ಉಳಿದವು. ಹಲಗೆ ಇನ್ನೂ ಫೂಸ್‌ಬಾಲ್ ಮೇಜಿನ ಮೇಲೇ ಇದೆ. ಕನ್ನಡದ ಬ್ರೀಫ್, ಅಂದರೆ ಏನು ಬರೆಯಬೇಕು ಅನ್ನುವ ಟಿಪ್ಪಣಿ, ಈಗ ಇಂಗ್ಲಿಷಿನ ಜೊತೆಗೇ ಬರುತ್ತದೆ, ಹತ್ತಕ್ಕೆ ಆರು ಸಲ. ಉಳಿದ ನಾಲ್ಕು ಸಲ ಅದೇ ಅರ್ಧ ಗಂಟೆ.

ಅಕ್ಕನ ಸಂಬಳದ ವಿಷಯ ಎಲ್ಲಕ್ಕಿಂತ ನಿಧಾನವಾಗಿ ನಡೆಯಿತು. ಕಂಟ್ರಾಕ್ಟರನ್ನು ಬಿಡಿಸಿ ನೇರವಾಗಿ ಕಂಪನಿಗೆ ತೆಗೆದುಕೊಳ್ಳಿ, ಸಂಬಳದ ರಜೆ ಕೊಡಿ ಅಂತ ನಾವು ಮಾರ್ಚಿನಲ್ಲೇ ಕೇಳಿದ್ದೆವು. ಆಗಿದ್ದು ಆಗಸ್ಟಿನಲ್ಲಿ. ಪೋಸ್ಟರಿಗೆ ಹನ್ನೊಂದು ಲೇಔಟ್ ಮಾಡಲು ಮೂರು ದಿನ ಸಾಕಾಗಿತ್ತು, ಇದಕ್ಕೆ ಐದು ತಿಂಗಳು ಬೇಕಾಯಿತು.

ಕಲ್ಚರ್ ಟೀಮ್ ಜೂನ್‌ನಲ್ಲಿ ಮತ್ತೆ ಎದ್ದಿತು. ಶುಕ್ರವಾರ ಸಂಜೆ ಪಿಜ್ಜಾ ತರಿಸಿ ಅಕ್ಕನಿಗೆ ಒಂದು ಸರ್ಟಿಫಿಕೇಟ್ ಕೊಟ್ಟರು. ಫ್ರೇಮ್ ಹಾಕಿಸಿದ್ದರು. ‘ವಾಟರ್ ಚಾಂಪಿಯನ್’ ಅಂತ ಇಂಗ್ಲಿಷಿನಲ್ಲಿ, ಚಿನ್ನದ ಅಕ್ಷರ. ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾದರೂ ಮಾತಾಡಿ ಅಂದರು. ಅಕ್ಕ ಫ್ರೇಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಜಮಾನರ ಕಡೆ ತಿರುಗಿ ಹೇಳಿದರು:

‘ಇದು ಇರ್ಲಿ ಸಾರ್. ಆ ಸ್ವಿಚ್ ಒಂದು ಕೆಳಗಡೆ ಹಾಕ್ಸಿ.’

ಸೋಮವಾರ ಎಲೆಕ್ಟ್ರಿಷಿಯನ್ ಬಂದ. ಸ್ವಿಚ್ ಈಗ ಅಡುಗೆಮನೆ ಬಾಗಿಲ ಪಕ್ಕದಲ್ಲಿದೆ. ಹನ್ನೆರಡು ಮೀಟರ್ ವೈರು, ಒಂದು ಗಂಟೆ ಕೆಲಸ.